ಹುಳಗಳು ತಿನ್ನುವುದನ್ನು ನಿಲ್ಲಿಸಿದ್ದು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುವವಳು ನಾನು. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟುವವರನ್ನು ಕಂಡರೆ ಈಗಲೂ ನಗು ಬರುತ್ತದೆ. ಅಂಥವಳು ಇದನ್ನು ಬರೆಯಬೇಕಾಗಿ ಬಂದಿರುವುದಕ್ಕೆ ನನಗೇ ಸಿಟ್ಟು. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನಲಿ ಹೇಗೆ?

ಎರಡು ವರ್ಷದ ಹಿಂದಿನ ಮಾತು. ನಮ್ಮದು ಟೇಕಲ್ ಹತ್ತಿರದ ಹಳ್ಳಿ. ನನಗೂ ನನ್ನ ವಾರಗಿತ್ತಿ ನಾರೆಮ್ಮನಿಗೂ ಸಕ್ಕರೆ ಕಾಯಿಲೆ. ಇಬ್ಬರ ಕಾಲಲ್ಲೂ ಮಾಯದ ಹುಣ್ಣು. ನನಗೆ ಹಿಮ್ಮಡಿಯಲ್ಲಿ, ಅವಳಿಗೆ ಕಾಲುಂಗುರದ ಬೆರಳಿನಲ್ಲಿ. ಕೋಲಾರದ ಒಂದು ಆಸ್ಪತ್ರೆಯಲ್ಲಿ ಹೊಸ ಮುಲಾಮಿನ ಪರೀಕ್ಷೆಗೆ ರೋಗಿಗಳು ಬೇಕಂತೆ ಅಂತ ತಿಳಿದು ಇಬ್ಬರೂ ಸೇರಿದೆವು. ಅರ್ಧ ಜನಕ್ಕೆ ಮದ್ದಿರುವ ಮುಲಾಮು, ಉಳಿದವರಿಗೆ ಮದ್ದಿಲ್ಲದ್ದು, ನೋಡಲು ಎರಡೂ ಒಂದೇ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲಮ್ಮ. ನಿಮ್ಮ ನಂಬರಿನ ಟ್ಯೂಬು ನಿಮಗೇ. ಅದಲು ಬದಲು ಮಾಡ್ಕೋಬೇಡಿ."

ನಾರೆಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿದರು. ಹುಣ್ಣು ಇನ್ನೂ ಒಳಕ್ಕೆ ಇಳಿದರೆ ಬೆರಳು ತೆಗೆಯಬೇಕು.

"ಹೋದ್ರೆ ಹೋಗ್ಲಿ ಬಿಡಕ್ಕ, ಕಾಲುಂಗುರದ ಕಾಟ ತಪ್ತದೆ" ಅಂತ ಬಸ್ಸಿನಲ್ಲಿ ನಕ್ಕಳು. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಳು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಆಗ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಮಾತ್ರ ಅದು ತಿನ್ನದೆ ತಲೆ ಎತ್ತಿಕೊಂಡು ನಿಲ್ಲುತ್ತದೆ. ಎದ್ದ ಮೇಲೆ ಒಂದೇ ಸಮನೆ ತಿನ್ನುವುದೇ ಕೆಲಸ. ಸೊಪ್ಪು ಕಡಿಯುವ ಸದ್ದು ಹಂಚಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ.

ಒಂದು ಬೆಳಿಗ್ಗೆ ಮುಲಾಮು ಹಚ್ಚಿ, ಬಟ್ಟೆ ಕಟ್ಟಿಕೊಂಡು, ಸೊಪ್ಪು ಹಾಕಲು ಹುಳದ ಮನೆಗೆ ಹೋದೆ. ಸದ್ದು ನಿಂತುಹೋಯಿತು. ಎಲ್ಲ ತಟ್ಟೆಗಳಲ್ಲೂ ಹುಳ ತಲೆ ಎತ್ತಿ ನಿಂತಿದ್ದವು. ಆಚೆ ಬಂದೆ, ಮತ್ತೆ ಸದ್ದು ಶುರುವಾಯಿತು. ಮುಲಾಮಿನ ವಾಸನೆ ಹುಳಕ್ಕೆ ಆಗಲಿಲ್ಲವೇನೋ ಅಂದುಕೊಂಡೆ. ಆದರೆ ನಾರೆಮ್ಮನೂ ಹಚ್ಚಿಕೊಂಡೇ ಹೋದಳು, ಹುಳ ಅವಳನ್ನು ಕೇರ್ ಮಾಡದೆ ತಿನ್ನುತ್ತಲೇ ಇದ್ದವು.

"ಲೇ, ನಿನ್ನ ಟ್ಯೂಬ್ ಕೊಡು" ಅಂದೆ.

"ಡಾಕ್ಟರಮ್ಮ ಬೈತಾರಕ್ಕ."

"ಬೈಯೋಕೆ ಅವ್ರೇನು ಹುಳದ ಮನೆಗೆ ಬರ್ತಾರಾ? ಕೊಡೇ ಸುಮ್ನೆ."

ಕಾಲು ತೊಳೆದು, ಅವಳದನ್ನು ನಾನು, ನನ್ನದನ್ನು ಅವಳು ಹಚ್ಚಿಕೊಂಡೆವು. ಈಗ ನಾನು ಹೋದರೆ ಹುಳ ತಿನ್ನುತ್ತಿದ್ದವು, ಅವಳು ಹೋದರೆ ತಲೆ ಎತ್ತುತ್ತಿದ್ದವು. ಮೂರು ದಿನ ನೋಡಿದೆ. ಮದ್ದಿರುವುದು ನನ್ನ ಟ್ಯೂಬಿನಲ್ಲೇ ಅಂತ ತೀರ್ಮಾನ ಮಾಡಿ, ಅದನ್ನು ಅವಳಿಗೇ ಬಿಟ್ಟೆ. ಆಮೇಲೆ ಹೊಸ ಟ್ಯೂಬು ಕೊಟ್ಟಾಗಲೆಲ್ಲ ಹಾಗೇ ಬದಲಾಯಿಸಿಕೊಂಡೆವು. ನನ್ನ ಹಿಮ್ಮಡಿ ಕಾಯಬಹುದು, ಅವಳ ಬೆರಳು ಕಾಯುವ ಹಾಗಿರಲಿಲ್ಲ.

ಮೂರು ತಿಂಗಳಲ್ಲಿ ಅವಳ ಹುಣ್ಣು ತುಂಬಿಕೊಂಡಿತು. ಬೆರಳು ಉಳಿಯಿತು.

ಪರೀಕ್ಷೆ ಮುಗಿದು, ಯಾರಿಗೆ ಯಾವ ಮುಲಾಮು ಅನ್ನುವ ಪಟ್ಟಿ ತೆರೆದ ಮೇಲೆ ಡಾಕ್ಟರಮ್ಮ ಕರೆದು ಹೇಳಿದರು, ನಮ್ಮಿಬ್ಬರಿಗೂ ಬಂದಿದ್ದು ಮದ್ದಿಲ್ಲದ ಮುಲಾಮೇ ಅಂತೆ! ತಡೆಯಲಾರದೆ ನಡೆದದ್ದನ್ನೆಲ್ಲ ಒದರಿಬಿಟ್ಟೆ.

"ಎಲ್ಲಾರೂ ನಿಮ್ಮ ಥರ ಮಾಡಿದ್ರೆ ಮದ್ದು ಕೆಲಸ ಮಾಡ್ತೋ ಇಲ್ವೋ ಅಂತ ತಿಳಿಯೋದು ಹೆಂಗಮ್ಮ?" ಅಂದರು. ನ್ಯಾಯವಾದ ಮಾತು, ಬೈಸಿಕೊಂಡೆ. ನಾರೆಮ್ಮನ ಹುಣ್ಣು ಮಾಯ್ದದ್ದು ದಿನಾ ಚೆನ್ನಾಗಿ ತೊಳೆದು ಕಟ್ಟಿದ್ದಕ್ಕೆ ಅಂದರು. ನಾನೂ ತೊಳೆದೆ, ನಾನೂ ಕಟ್ಟಿದೆ, ನನ್ನದು ಯಾಕೆ ಮಾಯಲಿಲ್ಲ ಅಂತ ಕೇಳಿದರೆ ಒಬ್ಬೊಬ್ಬರ ಮೈ ಒಂದೊಂದು ಥರ ಅಂದರು. ಹುಳದ ವಿಷಯ ಎತ್ತಿದರೆ ಮುಂದಿನ ರೋಗಿಯನ್ನು ಕರೆದರು.

ನಾರೆಮ್ಮ ಎಲ್ಲ ದೇವರ ಆಟ ಅನ್ನುತ್ತಾಳೆ. ಆ ದೇವರು ಹುಳಕ್ಕೆ ಹೇಳುವ ಬದಲು ನನಗೇ ಹೇಳಬಹುದಿತ್ತಲ್ಲ ಅಂದರೆ ಮುಖ ತಿರುಗಿಸುತ್ತಾಳೆ.

ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ಕೊಟ್ಟದ್ದು ಏನನ್ನು ಅಂತ ತಿಳಿಯದ್ದಕ್ಕೆ ಕೋಪ. ಕೊಡದಿದ್ದರೂ ಅವಳ ಬೆರಳು ಉಳಿಯುತ್ತಿತ್ತೋ, ನನ್ನ ಹಿಮ್ಮಡಿ ಇಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತೋ? ಬೆಳಿಗ್ಗೆ ಬಟ್ಟೆ ಕಟ್ಟುವಾಗ ದಿನಾ ಇದೇ ಯೋಚನೆ. ತಲೆ ಕೆಟ್ಟುಹೋಗುತ್ತದೆ. ಗಂಟು ಬಿಗಿದು, ಎದ್ದು ಸೊಪ್ಪು ಕೊಯ್ಯಲು ಹೋಗುತ್ತೇನೆ.