ರೇಸಿನ ತಂಡ ಊರು ಬಿಟ್ಟ ವಾರ

ಸಣ್ಣತ್ತಿಯ ಎರಡೂ ಅಂಗೈಗಳು ಹೆಬ್ಬೆರಳಿನ ಬುಡದಲ್ಲಿ ದಡ್ಡುಗಟ್ಟಿದ್ದವು. ಬೆಟಗೇರಿಯ ನೇಕಾರರ ಮನೆಯಲ್ಲಿ ಅಂಥ ಕೈ ಹೊಸತಲ್ಲ. ಆದರೆ ಅವಳ ದಡ್ಡು ಮಗ್ಗದ್ದಲ್ಲ, ಗಾಲಿಕುರ್ಚಿಯದು. ಇಟಲಿಯ ಒಂದು ಸಣ್ಣ ಊರಿನ ಏರು ಓಣಿಗಳಲ್ಲಿ ಒಬ್ಬ ಮುದುಕನನ್ನು ಕೂಡ್ರಿಸಿಕೊಂಡು ಅವಳು ವರ್ಷಗಟ್ಟಲೆ ತಳ್ಳಿದ್ದಳು.

ಅವಳು ನನ್ನ ಅಪ್ಪನ ತಂಗಿ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಇಲ್ಲಿಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದವಳಿಗೆ, ಪರದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವಿದೆಯೆಂದು ಆ ದವಾಖಾನೆ ನಡೆಸುತ್ತಿದ್ದ ಕ್ರೈಸ್ತ ಸಿಸ್ಟರುಗಳು ಹೇಳಿದರು. ಹೊರಟು ನಿಂತಾಗ ಅಜ್ಜ ಸಿಡಿದೆದ್ದ.

"ಇಲ್ಲೆ ಮುದುಕರು ಸತ್ತಾರೇನು? ಯಾರದೋ ಅಪ್ಪನ್ನ ಜ್ವಾಪಾನ ಮಾಡಾಕ ಅಷ್ಟ ದೂರ ಹೋಗಬೇಕೇನು?"

ಅವಳು ಹೋದಳು. ಅಜ್ಜ ಬಾಗಿಲ ತನಕ ಬರಲಿಲ್ಲ. ಮುಂದೆ ಅವಳು ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿದಾಗಲೂ ನಾವೆಲ್ಲ ಓಡುತ್ತಿದ್ದೆವು, ಅಜ್ಜ ಮಾತ್ರ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಏಳುತ್ತಿರಲಿಲ್ಲ.

ತಿರುಗಿ ಬಂದ ಮೇಲೆ ಅವಳು ನಮ್ಮೊಂದಿಗೇ ಇದ್ದಳು. ಓಣಿಯಲ್ಲಿ ಯಾರು ಹಾಸಿಗೆ ಹಿಡಿದರೂ ಮೈತೊಳೆಯಲು ಅವಳೇ. ಮೈಮೇಲೆ ಎಚ್ಚರವಿಲ್ಲದವರನ್ನೂ ಹೇಳದೆ ಮುಟ್ಟುತ್ತಿರಲಿಲ್ಲ. "ಈಗ ಎಬ್ಬಸ್ತೀನ್ರಿ," "ನೀರು ಬಿಸಿ ಐತ್ರಿ," ಎಂದು ಒಂದೊಂದಕ್ಕೂ ಹೇಳುವಳು. ಭಾನುವಾರ ಟೀವಿಯಲ್ಲಿ ಮೋಟಾರು ರೇಸ್ ಬಂದರೆ ಮಾತ್ರ ಕೆಲಸ ಬಿಟ್ಟು ಕೂಡುತ್ತಿದ್ದಳು. ಯಾರು ಮುಂದಿದ್ದಾರೆಂದು ಅವಳಿಗೆ ಬೇಕಿರಲಿಲ್ಲ.

"ಗೆದ್ದಾವ್ರನ್ನ ಎಲ್ಲಾರೂ ನೋಡ್ತಾರ. ಆ ಗಾಲಿ ಬಿಚ್ಚಾವ್ರನ್ನ ನೋಡು. ನಮ್ಮ ಮುದುಕ ಅವರಾಗ ಒಬ್ಬಾಂವ."

ಆ ಮುದುಕ ದುಡಿದದ್ದು ಇಟಲಿಯ ಹಳೆಯ ರೇಸಿನ ತಂಡವೊಂದರಲ್ಲಿ. ತಂಡ ಹುಟ್ಟಿದ್ದು ಅವನ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಒಂದೇ ಕಾರಿನಿಂದ. ಎಂಜಿನ್ನಿನ ಸದ್ದಿಗೆ ಓಣಿಯ ಹೆಂಗಸರು ಕಿಟಕಿಯಿಂದ ಬೈಯುತ್ತಿದ್ದರಂತೆ, ರೇಸಿನ ದಿನ ಅವರೇ ಬುತ್ತಿ ಕಟ್ಟಿ ಕಳಿಸುತ್ತಿದ್ದರಂತೆ. ಹೆಸರು ಬಂದ ಮೇಲೆ ತಂಡ ಊರ ಹೊರಗೆ, ದ್ರಾಕ್ಷಿ ತೋಟಗಳ ಪಕ್ಕದ ದೊಡ್ಡ ಶೆಡ್ಡಿಗೆ ಹೋಯಿತು. ಮುದುಕನೂ ಸೈಕಲ್ ಹತ್ತಿ ಹೋದ, ಅಲ್ಲೇ ತಲೆ ಬೆಳ್ಳಗಾಯಿತು. ಸಣ್ಣತ್ತಿ ಅಲ್ಲಿದ್ದ ಕಾಲಕ್ಕೆ ತಂಡ ಮಾರಾಟವಾಯಿತು. ಹೊಸ ಮಾಲೀಕರು ಅದನ್ನು ಬೇರೆ ದೇಶಕ್ಕೇ ಒಯ್ಯುವವರಿದ್ದರು. ಬಾಗಿಲು ಮುಚ್ಚುವ ಮೊದಲು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು ಎಂದು ಮುದುಕ ಅವಳ ಕೈ ಹಿಡಿದು ಕೇಳಿದ. ಅವಳು ಒಪ್ಪಿದಳು.

ಅದೇ ವಾರ ಇಲ್ಲಿಂದ ಫೋನ್ ಹೋಯಿತು.

ಬೆಟಗೇರಿಯ ಜೋಡಿ ಊರು ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳು ಬಂದವು, ಸ್ಕೂಟರಿನವರು ಹೆಚ್ಚಿದರು, ರಸ್ತೆಗೆ ತಾಗಿದ ಜಾಗಕ್ಕೆ ಬೇಡಿಕೆ ಬಂತು. ಮಗ್ಗದಿಂದ ಹೊಟ್ಟೆ ತುಂಬದಾಗಿತ್ತು. ಅಪ್ಪ ಮಗ್ಗ ಬಿಚ್ಚಿಸಿ ಆ ಖೋಲಿಯನ್ನು ಸ್ಕೂಟರ್ ಅಂಗಡಿಗೆ ಬಾಡಿಗೆ ಕೊಟ್ಟ. ಅಜ್ಜ ಹಾಸಿಗೆ ಹಿಡಿದ.

"ಅಪ್ಪಗ ಅರಾಮಿಲ್ಲ, ಜಲ್ದಿ ಬಾ," ಎಂದ ಅಪ್ಪ.

"ನನ್ನ ಕರದಾನೇನು?" ಅವಳ ಮೊದಲ ಮಾತು ಅದು.

"ನನಗೇನ ಗೊತ್ತವಾ. ಮಗ್ಗ ಬಿಚ್ಚಿದಾಗಿಂದ ನನ್ನ ಕೂಡ ಮಾತ ಬಿಟ್ಟಾನ."

ಮುದುಕನಿಗೆ ಕೊಟ್ಟ ಮಾತು ಮುಗಿಸಿ, ಒಂದು ವಾರ ತಡೆದು ಬರುತ್ತೇನೆಂದಳು.

ಆ ಶೆಡ್ಡಿನ ಕಥೆಯನ್ನು ನನಗೆ ಹೇಳಿದ್ದು ಒಂದೇ ಸಲ. ಗೇಟಿನವನು ಒಳಗೆ ಬಿಡಲೊಲ್ಲ. ಲಾರಿಗೆ ಸಾಮಾನು ಹೇರುತ್ತಿದ್ದ ಒಬ್ಬ ಹುಡುಗ ಮುದುಕನ ಗುರುತು ಹಿಡಿದು ತಾನೇ ಕುರ್ಚಿ ಒಳಗೆ ತಳ್ಳಿದ. ಒಳಗೆ ಏನೂ ಉಳಿದಿರಲಿಲ್ಲ. ನೆಲದಲ್ಲಿ ಎಣ್ಣೆಯ ಕಲೆ, ಯಂತ್ರ ಕಿತ್ತ ತೂತುಗಳು. ಮುದುಕ ತಾನು ದುಡಿಯುತ್ತಿದ್ದ ಮೂಲೆ ತೋರಿಸಿ ಅಲ್ಲಿ ಕುರ್ಚಿ ನಿಲ್ಲಿಸಿಕೊಂಡ. ಮೊಣಕಾಲ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತ. ಆ ಹುಡುಗ ದೀಪಗಳನ್ನು ಒಂದೊಂದೇ ಸಾಲಾಗಿ ಆರಿಸುತ್ತ ಬಂದಾಗ ಮುದುಕ ಅವನನ್ನು ಕೇಳಿದನಂತೆ, "ನಾಳೆ ಎಷ್ಟು ಹೊತ್ತಿಗೆ ಬರಲಿ?"

"ಹುಡುಗ ಕುರ್ಚಿ ಮುಂದ ಕುಂತ," ಎಂದಳು ಸಣ್ಣತ್ತಿ. "ಮುದುಕನ ಕೈಗೆ ಮುತ್ತು ಕೊಟ್ಟು ಆ ಕಡೆ ಮಾರಿ ಮಾಡಿ ನಿಂತ. ಸಾಮಾನು ಹೊರಸೋದು ಸಸಾರ. ಮನಷ್ಯಾನ್ನ ಎಲ್ಲಿ ಇಡೋದು?"

ಅವಳು ಬೆಟಗೇರಿ ಮುಟ್ಟುವ ಹಿಂದಿನ ದಿನ ಅಜ್ಜನನ್ನು ಮಣ್ಣು ಮಾಡಿದ್ದೆವು. ಅಂಗಳದಲ್ಲಿ ಚೀಲ ಇಳಿಸಿ, ಮಗ್ಗವಿದ್ದ ಖೋಲಿಗೆ ಹೋದಳು. ಸಾಲಾಗಿ ನಿಲ್ಲಿಸಿದ್ದ ಹೊಸ ಸ್ಕೂಟರುಗಳ ನಡುವೆ ನಿಂತು ನೆಲ ನೋಡಿದಳು. ಕುಣಿಗೆ ಮಣ್ಣು ತುಂಬಿ ಟೈಲ್ಸ್ ಕೂಡಿಸಿಯಾಗಿತ್ತು. ಅವಳು ಅಳಲಿಲ್ಲ. ಯಾರೂ ಅವಳನ್ನು ಏನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಹಾಗೇ ವರ್ಷಗಳು ಕಳೆದವು.

ಕೊನೆಗೆ ಅವಳೇ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ತಾನಾಗಿಯೇ ಅಂದಳು, "ಅಪ್ಪ ಒಂದ ಮಾತು ಕರದಿದ್ರ ಅವತ್ತೇ ವಿಮಾನ ಹತ್ತತಿದ್ನಿ. ಸಿಟ್ಟಿನ್ಯಾಗ ಹೋದ. ನನ್ನ ಹೆಸರೂ ತಗೀಲಿಲ್ಲ."

ನನ್ನ ಕೈಯ ಚಮಚ ನಿಂತಿತು. ಅಜ್ಜನ ಕೊನೆಯ ದಿನಗಳಲ್ಲಿ ಅವನ ಮಗ್ಗುಲಲ್ಲಿ ಮಲಗುತ್ತಿದ್ದದ್ದು ನಾನು. ಆಗ ಅವನು ಆಡುತ್ತಿದ್ದ ಮಾತು ಅವಳ ತನಕ ಮುಟ್ಟಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ.

"ದಿನಾ ಕೇಳತಿದ್ದ, ಸಣ್ಣತ್ತಿ. ಹೊರಗ ಆಟೋ ನಿಂತ್ರ ಸಾಕು, ಸಣ್ಣಾಕಿ ಬಂದ್ಳೇನು, ಅಂತಿದ್ದ."

ಮನೆಯಲ್ಲಿ ಅವಳನ್ನು ಸಣ್ಣಾಕಿ ಎನ್ನುತ್ತಿದ್ದವನು ಅಜ್ಜ ಒಬ್ಬನೇ. ಆ ಹೆಸರು ಕೇಳಿದ್ದೇ ಅವಳ ತುಟಿ ಸೊಟ್ಟಗಾಯಿತು. ಗಂಜಿ ಗಲ್ಲದ ಮೇಲೆ ಇಳಿಯಿತು. ಇಷ್ಟು ವರ್ಷ ಅಳದ ಅಳುವನ್ನೆಲ್ಲ ಅತ್ತಳು. ಹೇಳಿದ್ದು ತಪ್ಪಾಯಿತೇನೋ ಎಂದುಕೊಂಡು ನಾನು ಅವಳ ಗಲ್ಲ ಒರೆಸಿದೆ. ಆಮೇಲೆ ಅವಳು ನನ್ನ ಮಣಿಕಟ್ಟು ಹಿಡಿದಳು.

"ಹೆಂಗ ಅಂತಿದ್ದ? ಅವನಂಗ ಅಂದು ತೋರ್ಸು."

ಅಜ್ಜನ ಒಡಕು ದನಿಯಲ್ಲಿ ಅಂದು ತೋರಿಸಿದೆ.

"ಇನ್ನೊಮ್ಮೆ."

ಅಂದಿನಿಂದ ದಿನಾ ಕೇಳಿದಳು, ದಿನಾ ಹೇಳಿದೆ. ಕೊನೆಯ ದಿನ ಕಣ್ಣು ತೆರೆಯಲಿಲ್ಲ, ತುಟಿಗಳು ಮಾತ್ರ ಅಲ್ಲಾಡಿದವು. ನಾನು ಕಿವಿಯ ಹತ್ತಿರ ಬಗ್ಗಿ ಕೇಳಿದೆ, "ಸಣ್ಣಾಕಿ ಬಂದ್ಳೇನು?"

"ಬಂದ್ನಿ ಅಪ್ಪಾ," ಎಂದಳು.