ನೀಲಿ ದ್ರಾವಣ ಹೇಳಿದ ಸುಳ್ಳು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾವು ತದಡಿಯವರು, ಅಪ್ಪನದು ಒಣಮೀನಿನ ವ್ಯಾಪಾರ. ನನಗೆ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಜಾಗ ಸಿಕ್ಕಿತ್ತು. ನಮ್ಮ ಕೇರಿಯ ಹೆಣ್ಣುಮಕ್ಕಳು ಮೀನುಬುಟ್ಟಿ ಹೊರುವುದು ಬಿಟ್ಟು ಬೇರೆ ಕೆಲಸಕ್ಕೆ ಹೋದದ್ದೇ ಇರಲಿಲ್ಲ. ಡಾಕ್ಟರರ ಸರ್ಟಿಫಿಕೇಟು ಒಂದೇ ಬಾಕಿ.

ಕುಮಟೆಯ ಡಾಕ್ಟರರು ನನ್ನ ಮೂತ್ರವನ್ನು ನೀಲಿ ದ್ರಾವಣಕ್ಕೆ ಬೆರೆಸಿ, ಗಾಜಿನ ಕೊಳವೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ತಳದಲ್ಲಿ ಇಟ್ಟಿಗೆ ಪುಡಿಯಂಥದ್ದು ನಿಂತಿತು.

“ಸಕ್ಕರೆ ಕಾಯಿಲೆ,” ಎಂದು ಅಪ್ಪನಿಗೆ ಹೇಳಿದರು. ನನ್ನ ಮುಖ ನೋಡಲಿಲ್ಲ. “ನರ್ಸ್ ಆಗೂದೆಲ್ಲ ಆಗೂದಿಲ್ಲ. ಅನ್ನ ಬಿಡಿಸಿ.”

“ನಂಗೆ ಬಾಯಾರಿಕೆ ಇಲ್ಲ, ಸುಸ್ತಿಲ್ಲ. ಮತ್ತೊಂದ್ ಸಲ ನೋಡ್ರಿ,” ಎಂದೆ.

“ಪರೀಕ್ಷೆ ಸುಳ್ಳು ಹೇಳೂದಿಲ್ಲ. ಮನುಷ್ಯರು ಹೇಳ್ತಾರೆ.”

ಮನೆಯಲ್ಲಿ ಅವ್ವಿ ಅನ್ನ ಕೊಡುವುದನ್ನು ನಿಲ್ಲಿಸಿದಳು. ಕೇರಿಯ ಹೆಂಗಸರು ಸಾವಿನ ಮನೆಗೆ ಬಂದಂತೆ ಬಂದು ಕೂತರು. “ಇನ್ನು ಇದನ್ನ ಯಾರು ಮದುವೆ ಆಗ್ತಾರೆ?” ಎಂದಳು ಒಬ್ಬಳು. ಅವ್ವಿ ಬಾಯಿ ಬಿಡಲಿಲ್ಲ. ಡಾಕ್ಟರರಿಗಿಂತ ಆ ಮೌನದ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

ಅಪ್ಪನ ಸಂಗಡ ಜಗಳ ಮಾಡಿ, ಇದ್ದಿಲ ಹೊಗೆ ಕಾರುವ ಬಸ್ಸು ಹತ್ತಿ, ಹೊನ್ನಾವರದ ಹೆಣ್ಣು ಡಾಕ್ಟರರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ, “ಔಷಧ ಎಂತಾದ್ರೂ ತಗೊಳ್ತೀಯಾ?”

ಸಿ ವಿಟಮಿನ್ ಗುಳಿಗೆಯ ಬಾಟಲಿ ತೋರಿಸಿದೆ. ವಸಡಿನಲ್ಲಿ ರಕ್ತ ಬರುತ್ತದೆಂದು ಮುಂಬಯಿಯಿಂದ ಸೋದರಮಾವ ಕಳಿಸಿದ್ದ. ಹುಳಿ ರುಚಿಗೆ ಅವನ್ನು ಪೆಪ್ಪರಮಿಂಟಿನಂತೆ ಚೀಪುತ್ತಲೇ ಇರುತ್ತಿದ್ದೆ.

ಅವರು ಗುಳಿಗೆಯೊಂದನ್ನು ಪುಡಿಮಾಡಿ ಬರೀ ನೀರಿಗೆ ಹಾಕಿ, ನೀಲಿ ದ್ರಾವಣದೊಂದಿಗೆ ಕಾಯಿಸಿದರು. ಅದೇ ಇಟ್ಟಿಗೆ ಬಣ್ಣ!

“ಈ ನೀರಿಗೂ ಸಕ್ಕರೆ ಕಾಯಿಲೆಯಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ದೇಹದೊಳಗೆ ಕಿಣ್ವಗಳಿಗೆ ನೆರವಾಗುವ ಆ ವಸ್ತು, ಹೆಚ್ಚಾದಾಗ ಮೂತ್ರದಲ್ಲಿ ಹೊರಬಂದು, ಕೊಳವೆಯೊಳಗೆ ಸಕ್ಕರೆಯಂತೆಯೇ ನೀಲಿಯನ್ನು ಕೆಡಿಸುತ್ತದೆ ಎಂದು ವಿವರಿಸಿದರು. ಕೆಲವು ದಿನ ಗುಳಿಗೆ ಬಿಟ್ಟು, ಅಪ್ಪನನ್ನೂ ಕರೆದುಕೊಂಡು ಮತ್ತೆ ಹೋದೆ. ಈ ಸಲ ನೀಲಿ ನೀಲಿಯಾಗಿಯೇ ಉಳಿಯಿತು.

ಅಲ್ಲಿಂದ ನೇರ ಕುಮಟೆಗೆ. ಡಾಕ್ಟರರ ಮೇಜಿನ ಮೇಲೆ ಗುಳಿಗೆ ಇಟ್ಟೆ. “ಇದನ್ನ ನೀರಲ್ಲಿ ಹಾಕಿ ಆ ನೀಲಿ ದ್ರಾವಣದ ಸಂಗಡ ಕಾಸ್ರಿ.”

“ಎಂತದಿದು ಹುಚ್ಚಾಟ?”

“ಕಾಸ್ರಿ.”

ಕಾದು ಕುಳಿತಿದ್ದ ರೋಗಿಗಳೆಲ್ಲ ಇತ್ತ ತಿರುಗಿದರು. “ಸಾಕು, ಬಾ ಮಗಾ,” ಎಂದು ಅಪ್ಪ ತೋಳು ಹಿಡಿದ. ಕೊಡವಿದೆ. ಡಾಕ್ಟರರು ಕಾಯಿಸಿದರು; ತಳದಲ್ಲಿ ಅದೇ ಇಟ್ಟಿಗೆ ಪುಡಿ ನಿಂತಿತು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಆತು. ಸಕ್ಕರೆ ಇಲ್ಲ ಅಂತ ಖುಷಿಪಡು.”

“ಎಂತ ತಿಂತೀಯ ಅಂತ ನೀವು ಒಂದ್ ಮಾತು ಎಂತಕ್ಕೆ ಕೇಳ್ಲಿಲ್ಲ?”

ಅವರು ದೀಪ ಆರಿಸಿದರು. ಸರ್ಟಿಫಿಕೇಟು ಬರೆದುಕೊಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಮುಂಬಯಿಯ ಜಾಗ ಬೇರೆಯವಳಿಗೆ ಹೋಗಿತ್ತು.

ಮರುವರ್ಷ ಹೋದೆ, ಕಲಿತೆ, ನರ್ಸ್ ಆದೆ. ಊರಿಗೆ ಬಂದಾಗ ಆ ಡಾಕ್ಟರರು ಒಮ್ಮೆ ಪೇಟೆಯಲ್ಲಿ ಎದುರಾಗಿ, “ಕಡೆಗೂ ಆದ್ಯಲ್ಲ!” ಎಂದು ನಕ್ಕರು. ನಾನು ಮುಂದೆ ನಡೆದೆ.