ಖಾಲಿ ವಹಿಯ ಶಾಲೆಗೆ

ಗದಗಿನಿಂದ ಬೆಳಿಗ್ಗೆ ಏಳೂವರೆಗೆ ಮುಂಡರಗಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ ಹೆಣ್ಣುಮಕ್ಕಳು ಪುಕ್ಕಟೆ ಕುಳಿತರು. ಟಿಕೆಟ್ಟು ಕೊಂಡ ನಾನು ಡಂಬಳದವರೆಗೆ ನಿಂತೇ ಹೋದೆ. ಜೂನ್ ತಿಂಗಳ ಗಾಳಿ ಜೋರಾಗಿತ್ತು. ಮುಂಡರಗಿ ನಿಲ್ದಾಣದೆದುರು ಗಿರ್ಮಿಟ್, ಎರಡು ಮಿರ್ಚಿ ತಿಂದ ಮೇಲೆ ಸಿಟ್ಟು ಇಳಿಯಿತು. ಅಲ್ಲಿಂದ ಇನ್ನೊಂದು ಬಸ್ಸು.

ಹೊರಟಿದ್ದು ಕೊರ್ಲಹಳ್ಳಿ ಕಡೆಯ, ಹೊಳೆದಂಡೆಯ ಒಂದು ಸರಕಾರಿ ಶಾಲೆಗೆ. ಅಲ್ಲಿ ಇಂಗ್ಲಿಷ್ ಕಲಿಸುವ ಶಾಂತಾ ನನ್ನ ಹಳೆಯ ವಿದ್ಯಾರ್ಥಿನಿ. ಹೋದ ವರ್ಷದಿಂದ ಆಕೆ ಪ್ರಶ್ನೋತ್ತರ ಬರೆಸುವುದನ್ನೇ ನಿಲ್ಲಿಸಿದ್ದಳು. ಮೊದಲು ಮಾತು, ಬರಹ ಆಮೇಲೆ. ಮಕ್ಕಳ ವಹಿ, ಅಂದರೆ ನೋಟ್‌ಬುಕ್ಕು, ಖಾಲಿ ಇರುವುದನ್ನು ಕಂಡು ಊರವರು ಹೌಹಾರಿದ್ದರು. ದರ್ಜಿ ಖಾಸಿಂಸಾಬರು ಮಗಳು ರೇಷ್ಮಾಳ ಟಿ.ಸಿ. ಕೇಳಿ ಅಂದೇ ಅರ್ಜಿ ಕೊಡುವವರಿದ್ದರು. ಅವರು ಹೊರಟರೆ ಉಳಿದವರೂ ಹಿಂದೆಯೇ ಹೊರಡುತ್ತಾರೆ, ಹಿರಿಯ ಮಾಸ್ತರು ಒಂದು ಮಾತು ಹೇಳಿದರೆ ನಿಂತಾರು ಎಂದು ಶಾಂತಾ ನನ್ನನ್ನು ಕರೆಸಿದ್ದಳು. ಖರೆ ಹೇಳಬೇಕೆಂದರೆ, ನಾನು ಬುದ್ಧಿ ಹೇಳಲು ಹೊರಟಿದ್ದು ಆಕೆಗೇ. ಮೂವತ್ತು ವರ್ಷ ನೋಟ್ಸ್ ಬರೆಸಿಯೇ ಮಕ್ಕಳನ್ನು ಪಾಸು ಮಾಡಿಸಿದವನು ನಾನು.

ತರಗತಿಯ ಬಾಗಿಲಲ್ಲಿ ಖಾಸಿಂಸಾಬರು ಅರ್ಜಿ ಹಿಡಿದೇ ನಿಂತಿದ್ದರು. “ನಾ ಸಾಲಿ ಕಲ್ತಾಂವ ಅಲ್ರಿ. ವಹಿ ತುಂಬಿದ್ರ ಹುಡುಗಿ ಕಲ್ತಾಳ ಅನ್ನೂದಷ್ಟ ಗೊತ್ತು. ನೀವೇ ನೋಡಿ ಹೇಳ್ರಿ ಸರ.”

ಏಳನೆಯ ತರಗತಿಯ ಮಕ್ಕಳೆದುರು ನಾನು ಪ್ರಶ್ನೆ ಕೇಳಲು ಗಂಟಲು ಸರಿಮಾಡಿಕೊಂಡೆ. ಶಾಂತಾ ತಡೆದಳು. ಅಲ್ಲಿಯ ರೂಢಿಯೇ ಬೇರೆಯಂತೆ: ಬಂದವರು ಯಾರೇ ಇರಲಿ, ಪ್ರಶ್ನೆ ಕೇಳುವವರು ಮಕ್ಕಳು. ಒಮ್ಮೆ ಬಂದಿದ್ದ ಕಪ್ಪತಗುಡ್ಡದ ಗಾಳಿಯಂತ್ರದ ಎಂಜಿನಿಯರನ್ನೂ ಬಿಟ್ಟಿರಲಿಲ್ಲವಂತೆ. ಶುರುವಾಯಿತು ನೋಡಿ. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಕೂದಲಿಗೆ ಬಣ್ಣ ಹಚ್ಚುತ್ತೀರಾ, ಎಂದಾದರೂ ನಪಾಸಾಗಿದ್ದೀರಾ? ಎಲ್ಲವೂ ಇಂಗ್ಲಿಷಿನಲ್ಲಿ. ತಪ್ಪುಗಳಿದ್ದವು, ಅಂಜಿಕೆ ಇರಲಿಲ್ಲ. ಬೆವತವನು ನಾನೇ.

ಕೊನೆಗೆ ರೇಷ್ಮಾ ಎದ್ದಳು. ಬಾಗಿಲ ಕಡೆ ನೋಡದೆ, ತಡೆತಡೆದು ಒಂದು ಪ್ರಶ್ನೆ ಕೇಳಿದಳು. ಏನಂದಳು ಎಂದು ಖಾಸಿಂಸಾಬರು ಕೇಳಿದರು. ಕನ್ನಡದಲ್ಲಿ ಹೇಳಿದೆ: ನಮ್ಮಪ್ಪ ನನ್ನನ್ನು ಮುಂಡರಗಿ ಶಾಲೆಗೆ ಹಾಕುತ್ತಾರೆ, ಅಲ್ಲಿ ನನಗೆ ಪ್ರಶ್ನೆ ಕೇಳಲು ಬಿಡುತ್ತಾರೆಯೇ?

ಅವರು ಮಗಳ ಕಡೆಯಿಂದ ನನ್ನ ಕಡೆ ತಿರುಗಿದರು. “ಇದು ಪುಸ್ತಕದಾಗ ಐತೇನ್ರಿ ಸರ?”

“ಯಾವ ಪುಸ್ತಕದಾಗೂ ಇಲ್ರಿ.”

ಹುಡುಗಿ ಇನ್ನೂ ನಿಂತೇ ಇದ್ದಳು, ಉತ್ತರಕ್ಕಾಗಿ. ನನ್ನಂಥ ಮಾಸ್ತರಿದ್ದರೆ ಬಿಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ತಂದೆಗೂ ಅದನ್ನೇ ಕನ್ನಡದಲ್ಲಿ ಹೇಳಿದೆ. ನಾಚಿಕೆಯಾಯಿತು. ಖಾಸಿಂಸಾಬರು ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಅಂಗಡಿ ತೆರೆಯಬೇಕು ಎಂದು ಹೊರಟರು.

ಮಧ್ಯಾಹ್ನ ಶಾಲೆಯ ಅನ್ನ ಸಾರು ಉಂಡು ಬಸ್ಸು ನಿಲ್ಲುವ ಕಟ್ಟೆಗೆ ಬಂದೆ. ಕಳಿಸಲು ಬಂದ ಶಾಂತಾಳನ್ನು ಬಾಯ್ತುಂಬ ಹೊಗಳಿದೆ. ಆಕೆ, “ಸರ, ನಿಮ್ಮ ಕ್ಲಾಸಿನ್ಯಾಗ ಮೂರು ವರ್ಷ ಕುಂತೇನ್ರಿ. ಆಗ ಕೇಳಬೇಕಂತಿದ್ದ ಒಂದು ಪ್ರಶ್ನಿ ಹಂಗೇ ಉಳದೈತ್ರಿ,” ಎಂದಳು.

ಅಷ್ಟರಲ್ಲಿ ಬಸ್ಸು ಬಂತು. ಅದನ್ನು ಬಿಟ್ಟೆ. ಕಟ್ಟೆಯ ಮೇಲೆ ಕುಳಿತು, “ಕೇಳವಾ,” ಎಂದೆ.